28 ಎಂದು ಬರೆಯಬೇಡಿ, ಯಾವಾಗ 28 ಎಂದು ಬರೆಯಿರಿ

ಪ್ರತಿ ತಿಂಗಳು ಜೆಸ್ಕಾಂನ ಮೀಟರ್ ರೀಡರ್ ನಮ್ಮ ಓಣಿಗೆ ಬರುತ್ತಾರೆ. ಮೀಟರಿನ ಅಂಕಿ ನೋಡಿ ಕೈಯಲ್ಲಿರುವ ಯಂತ್ರದಲ್ಲಿ ಒತ್ತುತ್ತಾರೆ, ಬಿಲ್ ಹೊರಗೆ ಬರುತ್ತದೆ. ಒಂದು ಮನೆಗೆ ಸೊನ್ನೆ, ಪಕ್ಕದ ಮನೆಗೆ ಒಂದಿಷ್ಟು ರೂಪಾಯಿ, ಅದರಾಚೆಯ ಮನೆಗೆ ಸಾವಿರದ ಮೇಲೆ. ಯಂತ್ರ ಒಂದೇ, ಅದರೊಳಗಿನ ಪ್ರೋಗ್ರಾಮೂ ಒಂದೇ. ಹಾಗಾದರೆ ಯಾರಿಗೆ ಎಷ್ಟು ಎಂದು ಅದಕ್ಕೆ ಹೇಳಿಕೊಟ್ಟವರು ಯಾರು?

ಯಾರೂ ಹೇಳಿಕೊಟ್ಟಿಲ್ಲ. ಯಂತ್ರದೊಳಗೆ ಉತ್ತರ ಇಲ್ಲ, ಉತ್ತರ ಹುಡುಕುವ ಷರತ್ತು ಇದೆ. ಗೃಹಜ್ಯೋತಿ ಯೋಜನೆ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂತು. 2022-23ರಲ್ಲಿ ಒಂದು ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿದರೆ ಆ ಮನೆಯ ಉಚಿತ ಯೂನಿಟ್. ಸರಾಸರಿ 80 ಇದ್ದ ಮನೆಗೆ 88. ಆ ಮನೆಯವರು 85 ಬಳಸಿದರೆ ಬಿಲ್ ಸೊನ್ನೆ. 110 ಬಳಸಿದರೆ ಹೆಚ್ಚಿನ 22 ಯೂನಿಟ್‌ಗೆ ಮಾತ್ರ ಹಣ. 200 ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು. ಹೊಸ ಮನೆಗೆ ಹಳೆಯ ಸರಾಸರಿಯೇ ಇರುವುದಿಲ್ಲ. ಅಂಥವರಿಗೆ ರಾಜ್ಯದ ಸರಾಸರಿ 53 ಯೂನಿಟ್ ಎಂದು ಹಿಡಿದು, ಶೇ 10 ಸೇರಿಸಿ 58 ಯೂನಿಟ್ ಎಂದು ಸರ್ಕಾರ ನಿಗದಿ ಮಾಡಿತು. ಮುಂದೆ 2024ರ ಆರಂಭದಲ್ಲಿ, ಕಡಿಮೆ ಬಳಸುವ ಮನೆಗಳಿಗೆ ಶೇ 10ರ ಬದಲು ನೇರವಾಗಿ 10 ಯೂನಿಟ್ ಹೆಚ್ಚು ಕೊಡುವ ತೀರ್ಮಾನವಾಯಿತು. ಅಂದರೆ ಷರತ್ತು ಕೂಡ ಬದಲಾಗುತ್ತದೆ.

ಕಂಪ್ಯೂಟರಿನವರು ಇದಕ್ಕೆ ದೊಡ್ಡ ಹೆಸರು ಇಟ್ಟಿದ್ದಾರೆ. ನಾನು ಸರಳವಾಗಿ ಹೀಗೆ ಹೇಳುತ್ತೇನೆ: ಪ್ರೋಗ್ರಾಮ್ ನಡೆಯುವ ಹೊತ್ತಿನ ಪರಿಸ್ಥಿತಿ ನೋಡಿ ಅದರ ಸೆಟ್ಟಿಂಗ್ ನಿರ್ಧರಿಸುವುದು. ನಾನು ಕಾಮರ್ಸ್ ವಿದ್ಯಾರ್ಥಿ, ಪ್ರೋಗ್ರಾಮ್ ಬರೆಯುವವನಲ್ಲ. ಆದರೆ ಕಳೆದ ವರ್ಷ ಸೆಪ್ಟೆಂಬರ್‌ನಲ್ಲಿ ಚಂದಾಪುರದ ನಮ್ಮ ಚಾಚಾ ಅವರ ಸಿಮೆಂಟ್ ಅಂಗಡಿಯಲ್ಲಿ ಈ ವಿಷಯ ರೊಕ್ಕದ ವಿಷಯವಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ಸೈನ್ಸ್ ವಿಭಾಗದ ಗೆಳೆಯರಿಗೆ ಇದು ಗೊತ್ತಿರಬಹುದು, ನಮ್ಮ ವಿಭಾಗದವರು ಓದಲೇಬೇಕು.

ಒಂದು ಬೆಲೆ ಮೂರು ಜಾಗದಲ್ಲಿ ಇರಬಹುದು. ಪ್ರೋಗ್ರಾಮಿನ ಒಳಗೇ ಬರೆದಿರಬಹುದು. ಬದಲಾಯಿಸಬೇಕಾದರೆ ಪ್ರೋಗ್ರಾಮನ್ನೇ ಬಿಚ್ಚಬೇಕು. ಅಥವಾ ಹೊರಗೆ ಬೇರೆ ಪಟ್ಟಿಯಲ್ಲಿ ಇರಬಹುದು. ಆಗ ಪಟ್ಟಿ ತಿದ್ದಿದರೆ ಸಾಕು. ಮೂರನೆಯದು, ಬೆಲೆಯನ್ನು ಎಲ್ಲೂ ಒಂದಾಗಿ ಬರೆದಿಡದೆ, ‘ಹೀಗಿದ್ದರೆ ಇಷ್ಟು, ಹಾಗಿದ್ದರೆ ಅಷ್ಟು’ ಎಂದು ಬರೆದು, ಕೆಲಸದ ಗಳಿಗೆಯಲ್ಲಿ ಕಂಡುಕೊಳ್ಳುವುದು. ನಮ್ಮ ಚಾಚಾ ಈ ಮೂರನೆಯದನ್ನು ಕಂಪ್ಯೂಟರ್ ಇಲ್ಲದೆಯೇ ಮಾಡುತ್ತಾರೆ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ತಾಂಡೂರಿನ ಕಡೆಯ ಗಿರಾಕಿ ಬಂದರೆ ತೆಲುಗು. ಮೊದಲ ಮಾತು ಕಿವಿಗೆ ಬಿದ್ದ ಮೇಲೆ ಭಾಷೆ ತೀರ್ಮಾನ. ‘ಈ ಅಂಗಡಿಯ ಭಾಷೆ ಇಂಥದ್ದು’ ಎಂದು ಬೋರ್ಡ್ ಹಾಕಿಕೊಂಡು ಕೂತಿದ್ದರೆ ವ್ಯಾಪಾರ ನಡೆಯುತ್ತಿರಲಿಲ್ಲ.

ಈಗ ಸಿಮೆಂಟಿಗೆ ಬರೋಣ. ನಮ್ಮ ಭಾಗದವರಿಗೆ ಸಿಮೆಂಟ್ ಪರಿಚಯ ಮಾಡಿಕೊಡಬೇಕಾಗಿಲ್ಲ. ವಾಡಿ, ಸೇಡಂ, ಮಳಖೇಡ, ಚಿಂಚೋಳಿ ತಾಲೂಕಿನ ಛತ್ರಸಾಲ, ಎಲ್ಲಿ ನೋಡಿದರೂ ಸುಣ್ಣದಕಲ್ಲು ಮತ್ತು ಚಿಮಣಿ. ನಮ್ಮ ಕಾಲೇಜಿನಲ್ಲಿಯೂ ಫ್ಯಾಕ್ಟರಿಯಲ್ಲಿ, ಲಾರಿಯಲ್ಲಿ, ಅಂಗಡಿಯಲ್ಲಿ ದುಡಿಯುವವರ ಮಕ್ಕಳು ಎಷ್ಟೋ ಮಂದಿ ಇದ್ದೇವೆ. ಆದರೆ ಇಲ್ಲೇ ತಯಾರಾದ ಚೀಲಕ್ಕೆ ಇಲ್ಲಿಯವರು ಕೂಡ 2017ರ ಜುಲೈ 1ರಿಂದ ಶೇ 28 ಜಿಎಸ್‌ಟಿ ಕೊಡುತ್ತಿದ್ದರು. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿಯ 56ನೇ ಸಭೆ ಅದನ್ನು ಶೇ 18ಕ್ಕೆ ಇಳಿಸುವ ತೀರ್ಮಾನ ಮಾಡಿತು. ಜಾರಿಯಾಗುವ ದಿನ ಸೆಪ್ಟೆಂಬರ್ 22, ಸೋಮವಾರ.

ಲೆಕ್ಕ ನೋಡಿ. ತೆರಿಗೆ ಬಿಟ್ಟು ಚೀಲಕ್ಕೆ 300 ರೂಪಾಯಿ ಎಂದು ಇಟ್ಟುಕೊಂಡರೆ, ಶೇ 28ಕ್ಕೆ 384, ಶೇ 18ಕ್ಕೆ 354. ಚೀಲಕ್ಕೆ 30 ರೂಪಾಯಿ ವ್ಯತ್ಯಾಸ. ನೂರು ಚೀಲಕ್ಕೆ 3,000. ಮನೆ ಕಟ್ಟುವವರಿಗೆ ಇದು ಸಣ್ಣ ಮೊತ್ತವಲ್ಲ. ನಮ್ಮ ಕಡೆ ಗೌಂಡಿಗೆ ಮೂರು ನಾಲ್ಕು ದಿನದ ಕೂಲಿ ಕೊಡಬಹುದು.

ಚಾಚಾ ಅವರ ಅಂಗಡಿಯಲ್ಲಿ ಬಿಲ್ ಹಾಕಲು ಒಂದು ಎಕ್ಸೆಲ್ ಹಾಳೆ ಇತ್ತು. ಹಿಂದೆ ಲೆಕ್ಕ ಬರೆಯುತ್ತಿದ್ದವರು ಮಾಡಿಟ್ಟದ್ದು. ಪ್ರತಿ ಸಾಲಿನ ಸೂತ್ರದ ಒಳಗೆ 28 ಎಂಬ ಅಂಕಿ ಸೀದಾ ಕೂತಿತ್ತು. ಸಾವಿರಾರು ಸಾಲು, ಸಾವಿರಾರು 28. ಮಂಡಳಿಯ ತೀರ್ಮಾನದ ಸುದ್ದಿ ಬಂದ ಮರುದಿನ ಚಾಚಾ ಹೇಳಿದರು: “ಎಲ್ಲಾ 28 ಹುಡುಕಿ 18 ಮಾಡಿಬಿಡು ಬೇಟಾ, ಕಂಪ್ಯೂಟರ್ ಒಂದೇ ಏಟಿಗೆ ಮಾಡ್ತದಂತಲ್ಲ.” ನಿಜ, ‘ಫೈಂಡ್ ಅಂಡ್ ರಿಪ್ಲೇಸ್’ ಒತ್ತಿದರೆ ಒಂದು ನಿಮಿಷದ ಕೆಲಸ. ಆದರೆ ಹಾಗೆ ಮಾಡಿದರೆ ಏನೇನು ಕೆಡುತ್ತದೆ ಎಂದು ಇಬ್ಬರೂ ಕೂತು ಎಣಿಸಿದೆವು.

ಮೊದಲನೆಯದು, ಹಳೆಯ ಬಿಲ್ಲುಗಳು. ಆಗಸ್ಟ್‌ನಲ್ಲಿ ಶೇ 28 ವಸೂಲಿ ಮಾಡಿ, ಅಷ್ಟನ್ನೇ ರಿಟರ್ನ್‌ನಲ್ಲಿ ತೋರಿಸಿ ಕಟ್ಟಿ ಆಗಿದೆ. ಈಗ ಹಾಳೆಯಲ್ಲಿ ಅದು 18 ಎಂದು ಬದಲಾದರೆ ನಮ್ಮ ಪುಸ್ತಕಕ್ಕೂ ಸರ್ಕಾರದ ದಾಖಲೆಗೂ ತಾಳೆ ಆಗುವುದಿಲ್ಲ. ಎರಡನೆಯದು, ವಾಪಸ್ ಬರುವ ಮಾಲು. ಆಗಸ್ಟ್‌ನಲ್ಲಿ ಒಯ್ದ ಹತ್ತು ಚೀಲವನ್ನು ಗಿರಾಕಿ ಅಕ್ಟೋಬರ್‌ನಲ್ಲಿ ತಿರುಗಿ ತಂದರೆ, ಕ್ರೆಡಿಟ್ ನೋಟ್ ಹಳೆಯ ಬಿಲ್ಲಿನ ದರದಲ್ಲೇ ಆಗಬೇಕು. 28 ಕೊಟ್ಟವನಿಗೆ 18 ತಿರುಗಿಸಿದರೆ ಚೀಲಕ್ಕೆ 30 ರೂಪಾಯಿ ಅವನದು ಹೋದ ಹಾಗೆ. ಮೂರನೆಯದು ಚಾಚಾ ಅವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಖರೀದಿ. ಗೋದಾಮಿನಲ್ಲಿದ್ದ ಸ್ಟಾಕಿಗೆ ನಾವು ಶೇ 28 ಕೊಟ್ಟು ತಂದಿದ್ದೆವು. ಅದನ್ನೇ 22ರ ನಂತರ ಶೇ 18ಕ್ಕೆ ಮಾರಬೇಕು. ಕೊಟ್ಟ 28ರ ಇನ್‌ಪುಟ್ ಕ್ರೆಡಿಟ್ ಪೂರ್ತಿ ನಮ್ಮದೇ, ದರ ಇಳಿಯಿತೆಂದು ಅದು ಕಡಿಮೆಯಾಗುವುದಿಲ್ಲ. ಖರೀದಿ ಹಾಳೆಯಲ್ಲೂ 18 ಆಗಿಬಿಟ್ಟರೆ ನಮ್ಮ ಕ್ರೆಡಿಟ್ಟಿಗೆ ನಾವೇ ಕತ್ತರಿ ಹಾಕಿದಂತೆ.

ಅಂದರೆ 28 ಎಂಬುದು ಸುಳ್ಳಾಗಲಿಲ್ಲ. ಸೆಪ್ಟೆಂಬರ್ 21ರವರೆಗೆ ಅದು ಸತ್ಯ, ಎಂದೆಂದಿಗೂ ಸತ್ಯ. 18 ಎಂಬುದು 22ರಿಂದ ಸತ್ಯ. ಎರಡೂ ಒಂದೇ ಹಾಳೆಯಲ್ಲಿ ಜೊತೆಗೆ ಬದುಕಬೇಕು. ಆದ್ದರಿಂದ ಅಂಕಿಯನ್ನು ಸೂತ್ರದಿಂದ ಕಿತ್ತು ಹೊರಗೆ ಒಂದು ಸಣ್ಣ ಪಟ್ಟಿ ಮಾಡಬೇಕು. ಎರಡೇ ಅಂಕಣ: ಎಂದಿನಿಂದ, ಎಷ್ಟು.

01-07-2017ರಿಂದ: 28
22-09-2025ರಿಂದ: 18

ಸೂತ್ರ ಬಿಲ್ಲಿನ ದಿನಾಂಕ ತೆಗೆದುಕೊಂಡು ಈ ಪಟ್ಟಿಗೆ ಹೋಗುತ್ತದೆ. ಆ ದಿನಾಂಕಕ್ಕೆ ಸಮ ಅಥವಾ ಅದಕ್ಕಿಂತ ಹಿಂದಿನ ದಿನಾಂಕಗಳಲ್ಲಿ ಕೊನೆಯದನ್ನು ಹಿಡಿದು, ಪಕ್ಕದ ದರ ತರುತ್ತದೆ. ಎಕ್ಸೆಲ್‌ನ ವಿ-ಲುಕಪ್ ಇದನ್ನು ಮಾಡುತ್ತದೆ. ಪಟ್ಟಿ ಮಾತ್ರ ಹಳೆಯ ದಿನಾಂಕದಿಂದ ಹೊಸದಕ್ಕೆ ಕ್ರಮವಾಗಿ ಇರಬೇಕು. ಹಿಂದುಮುಂದಾದರೆ ಅದು ತಪ್ಪು ಉತ್ತರವನ್ನು ಏನೂ ಗೊತ್ತಿಲ್ಲದ ಹಾಗೆ ಕೊಟ್ಟುಬಿಡುತ್ತದೆ. ಇನ್ನೊಂದು ಎಚ್ಚರ: ‘22ರ ನಂತರ’ ಎಂದು ಬರೆಯುವುದಕ್ಕೂ ‘22 ಅಥವಾ ನಂತರ’ ಎಂದು ಬರೆಯುವುದಕ್ಕೂ ಒಂದು ಪೂರ್ತಿ ಸೋಮವಾರದ ವ್ಯತ್ಯಾಸ ಇದೆ. ಆ ದಿನ ಬಂದ ಗಿರಾಕಿಗಳೆಲ್ಲ ದರ ಇಳಿಯಲೆಂದೇ ಎರಡು ವಾರ ಕಾದಿದ್ದವರು.

ನಾವು ಲ್ಯಾಬಿನಲ್ಲಿ ಕಲಿಯುವ ಟ್ಯಾಲಿಯಲ್ಲೂ ಇದೇ ಏರ್ಪಾಡು ಇದೆ. ಸರಕಿನ ಜಿಎಸ್‌ಟಿ ವಿವರದಲ್ಲಿ ದರದ ಜೊತೆಗೆ ಅದು ಎಂದಿನಿಂದ ಅನ್ವಯ ಎಂಬ ದಿನಾಂಕವನ್ನೂ ಕೊಡಬಹುದು. ಹೊಸ ದರ ಹಾಕುವಾಗ ಹಳೆಯದನ್ನು ಅಳಿಸದೆ, ಹೊಸ ದಿನಾಂಕದೊಂದಿಗೆ ಸೇರಿಸಬೇಕು. ನಾನು ಅದನ್ನು ಎಷ್ಟೋ ಸಲ ನೋಡಿಯೂ ಯಾಕಿದೆ ಎಂದು ಯೋಚಿಸಿರಲಿಲ್ಲ.

ದಿನಾಂಕ ನೋಡಿದರೆ ಮುಗಿಯಿತಲ್ಲ ಎಂದುಕೊಂಡಿದ್ದೆವು. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದರು. ಸೆಪ್ಟೆಂಬರ್ ಮೊದಲ ವಾರದಲ್ಲೇ ನೂರು ಚೀಲಕ್ಕೆ ಪೂರ್ತಿ ಹಣ ಕೊಟ್ಟು ಹೋಗಿದ್ದವರು. ಪಾಯ ತೋಡುವುದು ಮಳೆಗೆ ತಡವಾಗಿ, ಮಾಲು ಎತ್ತಿರಲಿಲ್ಲ.

“ಸಾಬ್ರ, ಇಪ್ಪತ್ತೆರಡಕ್ಕ ಟ್ಯಾಕ್ಸ್ ಕಡಿಮಿ ಆಗ್ತದಂತ. ನಾ ರೊಕ್ಕ ಮೊದಲ ಕೊಟ್ಟೀನಿ. ನನಗ ಯಾವ ರೇಟ್ ಹಚ್ತೀರಿ?”

ಚಾಚಾ ಉತ್ತರ ಕೊಡಲಿಲ್ಲ, ಚಹಾ ತರಿಸಿದರು. ಆಮೇಲೆ ನಮ್ಮ ಲೆಕ್ಕ ನೋಡುವ ಆಡಿಟರ್‌ಗೆ ಫೋನ್ ಮಾಡಿದರು. ಆಡಿಟರ್ ಹೇಳಿದ್ದನ್ನು ನಾನು ಆಮೇಲೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 14ನೇ ಕಲಮಿನಲ್ಲಿ ಓದಿ ಖಚಿತ ಮಾಡಿಕೊಂಡೆ. ಕಲಮು ಓದಲು ಜಟಿಲ, ಆದರೆ ಒಳಗಿನ ಲೆಕ್ಕ ಮೂರು ಬೆರಳಿನದು. ಮಾಲು ಕೊಟ್ಟದ್ದು, ಬಿಲ್ ಹಾಕಿದ್ದು, ಹಣ ಬಂದದ್ದು ಎಂಬ ಮೂರರಲ್ಲಿ ಯಾವ ಎರಡು ದರ ಬದಲಾದ ದಿನದ ಒಂದೇ ಕಡೆ ಇವೆಯೋ, ಆ ಕಡೆಯ ದರ. ಈ ಗಿರಾಕಿಯ ಹಣ ಮಾತ್ರ ಮೊದಲು ಬಂದಿದೆ. ಮಾಲು 22ರ ನಂತರ, ಬಿಲ್ಲೂ ನಂತರ. ಎರಡು ಆಚೆ, ಒಂದು ಈಚೆ. ದರ 18.

ಹಾಳೆಯಲ್ಲಿ ಇದನ್ನು ಬರೆಯುವುದು ನಾವು ಹೆದರಿದಷ್ಟು ಕಷ್ಟವಾಗಲಿಲ್ಲ. ಮೂರು ದಿನಾಂಕಕ್ಕೆ ಮೂರು ಅಂಕಣ. ಪ್ರತಿಯೊಂದರ ಪಕ್ಕ, ದಿನಾಂಕ 22 ಅಥವಾ ನಂತರವಾದರೆ 1, ಇಲ್ಲವಾದರೆ 0. ಮೂರನ್ನೂ ಕೂಡಿಸಿ. ಮೊತ್ತ 2 ಅಥವಾ 3 ಆದರೆ 18, ಸೊನ್ನೆ ಅಥವಾ 1 ಆದರೆ 28. ಸೆಪ್ಟೆಂಬರ್ 10ಕ್ಕೆ ಮಾಲು ಮತ್ತು ಬಿಲ್ ಎರಡೂ ಒಯ್ದು, ‘ದಸರಾ ಮುಗಿದ ಮೇಲೆ ಕೊಡ್ತೀನಿ’ ಎಂದು ಉದ್ರಿ ಹೇಳಿದವರಿಗೆ ಮೊತ್ತ 1. ಅವರು ಅಕ್ಟೋಬರ್‌ನಲ್ಲಿ ಹಣ ತಂದಾಗ ಎಷ್ಟೇ ವಾದ ಮಾಡಿದರೂ ದರ 28. ವಾದ ಮಾಡಿದವರು ಇದ್ದರು. ಚಾಚಾ ಅವರಿಗೆ ಮೂರು ಬೆರಳು ತೋರಿಸಿ ವಿವರಿಸುತ್ತಿದ್ದರು. ಹಾಳೆ ಮಾಡಿದ್ದರಿಂದ ಆದ ದೊಡ್ಡ ಉಪಕಾರ ಅದೇ ಎಂದು ನನಗೆ ಅನಿಸುತ್ತದೆ. ಯಾರಿಗೆ ಯಾವ ದರ ಎಂಬುದು ಮುಖ ನೋಡಿ, ಗೆಳೆತನ ನೋಡಿ ಅಲ್ಲ, ಎಲ್ಲರಿಗೂ ಒಂದೇ ಷರತ್ತಿನಲ್ಲಿ ಬಂತು. ಮುಂಗಡ ಕೊಟ್ಟಿದ್ದ ಆ ಗಿರಾಕಿಗೆ 3,000 ರೂಪಾಯಿ ತಿರುಗಿ ಸಿಕ್ಕಿತು.

ಇನ್ನು ಗಡಿಯ ವಿಷಯ. ಚಂದಾಪುರದಿಂದ ತೆಲಂಗಾಣ ದೂರವಿಲ್ಲ, ತಾಂಡೂರು, ಜಹೀರಾಬಾದ್ ಕಡೆಯ ವ್ಯಾಪಾರ ನಮಗೆ ದಿನನಿತ್ಯದ್ದು. ಮಾಲು ಕರ್ನಾಟಕದೊಳಗೇ ಉಳಿದರೆ ಶೇ 18ರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ: ಸಿಜಿಎಸ್‌ಟಿ 9, ಎಸ್‌ಜಿಎಸ್‌ಟಿ 9. ಗಡಿ ದಾಟಿದರೆ ಪೂರ್ತಿ 18 ಐಜಿಎಸ್‌ಟಿ ಎಂಬ ಒಂದೇ ಸಾಲಿನಲ್ಲಿ. ಗಿರಾಕಿ ಕೊಡುವ ಮೊತ್ತ ಎರಡರಲ್ಲೂ ಒಂದೇ. ಆದರೆ ಅದು ಯಾವ ಖಾತೆಗೆ ಹೋಗಬೇಕು ಎಂಬುದು ಬೇರೆ. ತಪ್ಪು ಖಾತೆಗೆ ಕಟ್ಟಿದರೆ ಸರಿಯಾದ ಖಾತೆಗೆ ಇನ್ನೊಮ್ಮೆ ಕಟ್ಟಿ, ಮೊದಲು ಕಟ್ಟಿದ್ದನ್ನು ವಾಪಸ್ ಕೇಳುತ್ತ ಕೂರಬೇಕು.

ಜಿಎಸ್‌ಟಿ ನಂಬರ್‌ನ ಮೊದಲ ಎರಡು ಅಂಕಿ ರಾಜ್ಯದ ಸಂಕೇತ. ಕರ್ನಾಟಕಕ್ಕೆ 29, ತೆಲಂಗಾಣಕ್ಕೆ 36. ಹಾಗಾದರೆ ಗಿರಾಕಿಯ ನಂಬರ್ 29ರಿಂದ ಶುರುವಾದರೆ 9 ಮತ್ತು 9, ಇಲ್ಲವಾದರೆ 18 ಎಂದು ಬರೆದರೆ ಮುಗಿಯಿತೇ? ಇಲ್ಲಿ ನಾನು ನಿಮ್ಮನ್ನು ಸ್ವಲ್ಪ ನಿಲ್ಲಿಸುತ್ತೇನೆ. ತಾಂಡೂರಿನ ಒಬ್ಬ ಗುತ್ತಿಗೆದಾರ, ನಂಬರ್ 36ರದ್ದು, ಚಿಂಚೋಳಿಯಲ್ಲಿ ಕಟ್ಟಡದ ಕೆಲಸ ಹಿಡಿದಿದ್ದಾನೆ. ಮಾಲು ಚಿಂಚೋಳಿಯ ಸೈಟಿನಲ್ಲಿ ಇಳಿಯುತ್ತದೆ. ಕಾನೂನು ನೋಡುವುದು ಮಾಲಿನ ಪ್ರಯಾಣ ಎಲ್ಲಿ ಮುಗಿಯಿತು ಎಂಬುದನ್ನು. ಆದ್ದರಿಂದ ಇಲ್ಲಿ 9 ಮತ್ತು 9. ನಂಬರ್ ಮಾತ್ರ ನೋಡುವ ಹಾಳೆ ಐಜಿಎಸ್‌ಟಿ ಎಂದುಬಿಡುತ್ತದೆ. ಸುಲಭವಾಗಿ ಸಿಗುವ ಮಾಹಿತಿಯನ್ನು ಷರತ್ತು ಮಾಡಿಕೊಂಡರೆ ಹೀಗಾಗುತ್ತದೆ. ಷರತ್ತು ಆಗಬೇಕಾದದ್ದು ಸರಿಯಾದ ಮಾಹಿತಿ. ಹಾಳೆಯಲ್ಲಿ ‘ಮಾಲು ಇಳಿಯುವ ರಾಜ್ಯ’ ಎಂಬ ಬೇರೆ ಅಂಕಣವೇ ಬೇಕಾಯಿತು.

ಜಿಎಸ್‌ಟಿ ನಂಬರೇ ಇಲ್ಲದ ಸಾಮಾನ್ಯ ಗಿರಾಕಿ ಬಂದರೆ? ಇದಕ್ಕೆ ಕಾನೂನು ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯ ಪ್ರಕಾರ, ಅಂಥವರ ವಿಳಾಸ ಬಿಲ್ಲಿನಲ್ಲಿ ಬರೆದಿದ್ದರೆ ಆ ವಿಳಾಸದ ರಾಜ್ಯ. ರಾಜ್ಯದ ಹೆಸರಷ್ಟೇ ಬರೆದರೂ ವಿಳಾಸ ಬರೆದಂತೆಯೇ. ಏನೂ ಬರೆದಿರದಿದ್ದರೆ ಅಂಗಡಿ ಇರುವ ರಾಜ್ಯ. ಇದು ಗೃಹಜ್ಯೋತಿಯ 58 ಯೂನಿಟ್ ಇದ್ದ ಹಾಗೆಯೇ. ಪರಿಸ್ಥಿತಿ ಗೊತ್ತಾಗದಿದ್ದಾಗ ಹಿಡಿಯಬೇಕಾದ ಬೆಲೆ. ಕಂಪ್ಯೂಟರಿನಲ್ಲಿ ಇದನ್ನು ಡಿಫಾಲ್ಟ್ ಎನ್ನುತ್ತಾರೆ. ಷರತ್ತು ಬರೆಯುವ ಯಾರೇ ಆಗಲಿ ‘ಇವು ಯಾವುದೂ ಅಲ್ಲದಿದ್ದರೆ’ ಎಂಬ ಕೊನೆಯ ಸಾಲನ್ನು ಬಿಡಬಾರದು. ಬಿಟ್ಟರೆ ಹಾಳೆಗೆ ದರವೇ ಸಿಗುವುದಿಲ್ಲ, ಕೂಡಿಸುವಾಗ ಎಕ್ಸೆಲ್ ಅದನ್ನು ಸೊನ್ನೆ ಎಂದು ಎಣಿಸಬಹುದು, ತೆರಿಗೆ ಇಲ್ಲದ ಬಿಲ್ ಗಿರಾಕಿಯ ಕೈಗೆ ಹೋಗುತ್ತದೆ.

ಹಾಗೆಂದು ಎಲ್ಲದಕ್ಕೂ ಡಿಫಾಲ್ಟ್ ಇಡುವುದೂ ಸರಿಯಲ್ಲ ಎನ್ನುವುದು ನನ್ನ ಅಭಿಪ್ರಾಯ. ಗಿರಾಕಿಯ ರಾಜ್ಯ ಗೊತ್ತಿಲ್ಲದಿದ್ದರೆ ಕರ್ನಾಟಕ ಎಂದು ಹಿಡಿಯಬಹುದು, ಕಾನೂನೇ ಹೇಳಿದೆ. ಬಿಲ್ಲಿನ ದಿನಾಂಕ ಖಾಲಿ ಇದ್ದರೆ ಏನನ್ನೂ ಹಿಡಿಯಬಾರದು. ಕೆಂಪು ಅಕ್ಷರದಲ್ಲಿ ‘ದಿನಾಂಕ ಹಾಕಿ’ ಎಂದು ತೋರಿಸಿ ನಿಂತುಬಿಡಬೇಕು.

ದಿನಾಂಕ ಎಂದಾಗ ಇನ್ನೊಂದು ಕಥೆ ಹೇಳಬೇಕು. ಷರತ್ತು ಎಷ್ಟೇ ಸರಿಯಾಗಿದ್ದರೂ ಅದು ನೋಡುವ ಗಡಿಯಾರ ಸರಿ ಇರಬೇಕಲ್ಲ? ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್‌ಗಳ ಒಳಗೆ ಗುಂಡಿಯಂಥ ಒಂದು ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಅದು ಸತ್ತರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್ ಎಷ್ಟೋ ವರ್ಷ ಹಿಂದಿನ ತಾರೀಕು ತೋರಿಸುತ್ತದೆ. ನಮ್ಮ ಕಡೆ ಕರೆಂಟ್ ಎಷ್ಟು ಸಲ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ. ‘ಇವತ್ತಿನ ದಿನಾಂಕ’ವನ್ನು ಕಂಪ್ಯೂಟರಿನಿಂದ ಕೇಳಿ ದರ ತೀರ್ಮಾನಿಸುವ ಹಾಳೆ ಅಂಥ ದಿನ ನಿಶ್ಚಿಂತೆಯಿಂದ 28 ಹಾಕುತ್ತದೆ. ಇನ್ನೂ ಕೆಟ್ಟದ್ದು ಏನೆಂದರೆ, ‘ಇವತ್ತು’ ಎಂಬುದು ನಾಳೆ ಬದಲಾಗುತ್ತದೆ. ಆಗಸ್ಟ್‌ನ ಬಿಲ್ಲನ್ನು ಅಕ್ಟೋಬರ್‌ನಲ್ಲಿ ತೆರೆದು ನೋಡಿದರೆ ಅದೇ ಬಿಲ್ 18 ತೋರಿಸುತ್ತದೆ. ಆದ್ದರಿಂದ ಸೂತ್ರ ಕೇಳಬೇಕಾದದ್ದು ಕಂಪ್ಯೂಟರಿನ ಇವತ್ತನ್ನು ಅಲ್ಲ, ಬಿಲ್ಲಿನ ಮೇಲೆ ಬರೆದ ದಿನಾಂಕವನ್ನು.

ಟ್ಯಾಲಿಯವರು ಇಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ಅದು ಕಂಪ್ಯೂಟರಿನ ಗಡಿಯಾರವನ್ನು ಅನುಸರಿಸಿ ಹೋಗುವುದಿಲ್ಲ. ಕೊನೆಯ ವೋಚರ್‌ನ ದಿನಾಂಕದಲ್ಲೇ ನಿಂತಿರುತ್ತದೆ. ಎಫ್2 ಒತ್ತಿ ನಾವೇ ಬದಲಾಯಿಸಬೇಕು. ಶನಿವಾರ 20ಕ್ಕೆ ಕೊನೆಯ ಬಿಲ್ ಹಾಕಿ ಸೋಮವಾರ ಬೆಳಿಗ್ಗೆ ಎಫ್2 ಒತ್ತದೆ ಶುರು ಮಾಡಿದವರಿಗೆ, ದರ ಎಷ್ಟೇ ಸರಿಯಾಗಿ ಹಾಕಿಟ್ಟಿದ್ದರೂ ಬಿಲ್ 20ರದ್ದು, ತೆರಿಗೆ 28. ಲ್ಯಾಬಿನಲ್ಲಿ ಪರೀಕ್ಷಿಸಿ ನೋಡೋಣವೆಂದರೆ ಅಲ್ಲಿ ಇರುವುದು ಟ್ಯಾಲಿಯ ವಿದ್ಯಾರ್ಥಿಗಳ ಆವೃತ್ತಿ. ಅದರಲ್ಲಿ ತಿಂಗಳ 1, 2ನೇ ತಾರೀಕಿನಂಥ ಕೆಲವೇ ದಿನಗಳಿಗೆ ವೋಚರ್ ಹಾಕಲು ಬಿಡುತ್ತಾರೆ. 22 ಅದರಲ್ಲಿ ಇಲ್ಲ! ಸೆಪ್ಟೆಂಬರ್ 2ಕ್ಕೆ ಒಂದು, ಅಕ್ಟೋಬರ್ 1ಕ್ಕೆ ಒಂದು ಬಿಲ್ ಹಾಕಿ, ಮೊದಲನೆಯದಕ್ಕೆ 28, ಎರಡನೆಯದಕ್ಕೆ 18 ಬಂದದ್ದನ್ನು ನೋಡಿ ಅಷ್ಟಕ್ಕೇ ಸಮಾಧಾನಪಟ್ಟೆವು.

ದೊಡ್ಡ ಕಂಪನಿಗಳಲ್ಲಿ ಇದೆಲ್ಲ ತಾನಾಗಿಯೇ ಸರಿಯಾಗಿರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಷೇರು ಮಾರುಕಟ್ಟೆಯ ಪಾಠ ಓದುವ ನಾವು ನೈಟ್ ಕ್ಯಾಪಿಟಲ್ ಹೆಸರು ಕೇಳಿರಬೇಕು. ಅಮೆರಿಕದ ಆ ಕಂಪನಿ ಎಂಟು ಸರ್ವರ್‌ಗಳ ಮೂಲಕ ಷೇರು ವ್ಯವಹಾರ ಮಾಡುತ್ತಿತ್ತು. 2012ರ ಆಗಸ್ಟ್ 1ರಂದು ಹೊಸ ಪ್ರೋಗ್ರಾಮ್ ಶುರು ಮಾಡಿದಾಗ ಅದು ಏಳು ಸರ್ವರ್‌ಗಳಲ್ಲಿ ಮಾತ್ರ ಇತ್ತು, ಎಂಟನೆಯದರಲ್ಲಿ ಹಳೆಯದೇ ಉಳಿದಿತ್ತು. ಹೊಸ ಕೆಲಸಕ್ಕೆ ‘ಶುರು ಮಾಡು’ ಎನ್ನುವ ಒಂದು ಸೆಟ್ಟಿಂಗ್ ಬೇಕಿತ್ತು. ಅದಕ್ಕೆ ಹಿಂದೆ ಬೇರೆ ಕೆಲಸಕ್ಕೆ ಬಳಸಿ ಬಿಟ್ಟಿದ್ದ ಹಳೆಯ ಗುರುತನ್ನೇ ಬಳಸಿದ್ದರು. ಏಳು ಸರ್ವರ್‌ಗಳು ಅದನ್ನು ಹೊಸ ಅರ್ಥದಲ್ಲಿ ಓದಿದವು, ಎಂಟನೆಯದು ಹಳೆಯ ಅರ್ಥದಲ್ಲಿ ಓದಿ ತಡೆಯಿಲ್ಲದೆ ಷೇರು ಕೊಳ್ಳುತ್ತಾ ಮಾರುತ್ತಾ ಹೋಯಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್ ನಷ್ಟ. ಬೆಲೆ ಸರಿಯಾಗಿಯೇ ಇತ್ತು, ಓದುವವರು ಬೇರೆ ಬೇರೆ ಇದ್ದರು. ಚಾಚಾ ಅವರಿಗೆ ಇದನ್ನು ಹೇಳಿದಾಗ ಅವರು ಮೊದಲು ಮಾಡಿದ ಕೆಲಸ, ಗೋದಾಮಿನ ಕಂಪ್ಯೂಟರಿನಲ್ಲಿದ್ದ ಬಿಲ್ ಹಾಳೆಯ ಹಳೆಯ ಪ್ರತಿಯನ್ನು ಅಳಿಸಿಸಿದ್ದು. ನಮ್ಮಲ್ಲೂ ಎರಡು ಪ್ರತಿ ಇದ್ದವು.

ಪ್ರೋಗ್ರಾಮ್ ಬರೆಯುವವರು ದಿನಾಂಕದ ಹಾಗೆಯೇ ‘ನಾನು ಎಲ್ಲಿ ನಡೆಯುತ್ತಿದ್ದೇನೆ’ ಎಂಬ ಪ್ರಶ್ನೆಯನ್ನೂ ಷರತ್ತು ಮಾಡುತ್ತಾರೆ. ಪರೀಕ್ಷೆಯ ಕಂಪ್ಯೂಟರಿನಲ್ಲಾದರೆ ಗಿರಾಕಿಗೆ ಮೆಸೇಜ್ ಕಳಿಸಬೇಡ, ನಿಜವಾದ ಅಂಗಡಿಯಲ್ಲಾದರೆ ಕಳಿಸು ಎಂಬಂತೆ. ಹೆರೋಕು ಎಂಬ ಕಂಪನಿಯ ಪ್ರೋಗ್ರಾಮರ್‌ಗಳು 2011ರ ಸುಮಾರಿಗೆ ಬರೆದ ಹನ್ನೆರಡು ನಿಯಮಗಳು ಈ ಕ್ಷೇತ್ರದಲ್ಲಿ ಹೆಸರಾಗಿವೆ. ಅವುಗಳಲ್ಲಿ ಮೂರನೆಯದು ಇದೇ: ಸೆಟ್ಟಿಂಗ್‌ಗಳನ್ನು ಪ್ರೋಗ್ರಾಮಿನ ಒಳಗಲ್ಲ, ಅದು ನಡೆಯುವ ಪರಿಸರದಲ್ಲಿ ಇಡಿ. ಅದಕ್ಕೆ ಒಂದು ಚೆನ್ನಾದ ಪರೀಕ್ಷೆಯೂ ಇದೆ. ನಿಮ್ಮ ಪ್ರೋಗ್ರಾಮನ್ನು ಈಗಿಂದೀಗ ಊರಿಗೆಲ್ಲ ತೋರಿಸಿದರೆ ಪಾಸ್‌ವರ್ಡ್ ಹೊರಬೀಳುತ್ತದೆಯೇ? ಬೀಳುತ್ತದೆ ಎಂದಾದರೆ ಅದು ಇರಬಾರದ ಜಾಗದಲ್ಲಿದೆ. ಎಕ್ಸೆಲ್ ಹಾಳೆಯ ಮೂಲೆಯಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಬರೆದಿಡುವ ಅಭ್ಯಾಸ ಇರುವವರು ದಯವಿಟ್ಟು ಇವತ್ತೇ ತೆಗೆಯಿರಿ.

ಕೊನೆಗೆ ಷರತ್ತುಗಳ ಸರದಿ ಬಗ್ಗೆ. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದು ಎಲ್ಲರಿಗೂ ಗೊತ್ತು. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆ 25 ಕೆಜಿ ಅಥವಾ ಅದಕ್ಕಿಂತ ಕಡಿಮೆಯ ಚೀಲದಲ್ಲಿದ್ದರೆ ಶೇ 5 ತೆರಿಗೆ. ಚೀಲ ಬಿಚ್ಚಿ ತೂಗಿ ಕೊಟ್ಟರೆ ತೆರಿಗೆ ಇಲ್ಲ. ‘25 ಕೆಜಿಯೊಳಗಾದರೆ 5’ ಎಂದು ತೂಕವನ್ನು ಮಾತ್ರ ಕೇಳುವ ಹಾಳೆ, ಕಿರಾಣಿ ಅಂಗಡಿಯಲ್ಲಿ ಕಾಲು ಕಿಲೋ ಬೇಳೆ ಕಟ್ಟಿಸಿಕೊಂಡವರಿಗೂ ತೆರಿಗೆ ಹಾಕುತ್ತದೆ. ಮೊದಲು ಲೇಬಲ್ ಇದೆಯೇ ಎಂದು ಕೇಳಬೇಕು, ಆಮೇಲೆ ತೂಕ. ಶಕ್ತಿ ಯೋಜನೆಯ ಬಸ್ಸಿನಲ್ಲಿ ಕಂಡಕ್ಟರ್ ಕೂಡ ಮೊದಲು ಬಸ್ಸು ರಾಜ್ಯದೊಳಗಿನದೇ ಎಂಬುದನ್ನು ತಿಳಿದೇ ಹತ್ತಿರುತ್ತಾರೆ, ಆಮೇಲೆ ಆಧಾರ್ ಕಾರ್ಡ್ ಕೇಳುತ್ತಾರೆ.

ನಾವು ಮಾಡಿದ ಹಾಳೆಯ ಒಂದು ಪ್ರತಿಯನ್ನು, ಗಿರಾಕಿಗಳ ಹೆಸರು ತೆಗೆದು, ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಬಾಗಿಲ ಪಕ್ಕದ ಕಂಪ್ಯೂಟರಿನಲ್ಲಿ ಇಟ್ಟಿದ್ದೇನೆ. ಸರ್ ಅನುಮತಿ ಕೊಟ್ಟಿದ್ದಾರೆ. ತೆರೆದು ಈ ಬಿಲ್ಲುಗಳನ್ನು ಹಾಕಿ ನೋಡಿ. 21-09-2025ಕ್ಕೆ ಮಾಲು, ಬಿಲ್, ಹಣ ಮೂರೂ. 22-09-2025ಕ್ಕೆ ಮೂರೂ. ಹಣ 5ಕ್ಕೆ, ಮಾಲು ಮತ್ತು ಬಿಲ್ 25ಕ್ಕೆ. ನಂಬರ್ 36ರದ್ದು, ಮಾಲು ಚಿಂಚೋಳಿಯಲ್ಲಿ. ನಂಬರೂ ಇಲ್ಲ, ವಿಳಾಸವೂ ಇಲ್ಲ. ಮತ್ತು ದಿನಾಂಕವನ್ನೇ ಬಿಟ್ಟು ಒಂದು. ಬರಬೇಕಾದ ಉತ್ತರ ಕೊನೆಯ ಅಂಕಣದಲ್ಲಿ ಇದೆ. ಹೊಂದದಿದ್ದರೆ ಊಟದ ಬಿಡುವಿನಲ್ಲಿ ನನ್ನನ್ನು ಹುಡುಕಿ.